ಕಡಾಣಿ ಗೊತ್ತಿತ್ತು, ಲಾಕ್ ಗೊತ್ತಿಲ್ಲ!

ಒಂದು ಚಹಾದ ದುಡ್ಡಿಗೆ ಸಿಗುವ ಉಕ್ಕಿನ ಬಳೆ. ಅದನ್ನು ನಾನು ಹಿಂದುಮುಂದಾಗಿ ಹಾಕಿದೆ. ಮೂರನೇ ರಾತ್ರಿಗೆ ನಮ್ಮ ಅಡಿಕೆ ಸುಲಿಯುವ ಮಷಿನ್ ಮಲಗಿತು. ಹನ್ನೆರಡು ಕ್ವಿಂಟಾಲ್ ಹಸಿ ಕಾಯಿ ಅಂಗಳದಲ್ಲಿ ಬಿಸಿಯೇರುತ್ತಾ ಕೂತಿತು.

ತಪ್ಪು ಮಾಡಿದವನು ನಾನೇ. ಆದರೆ ಇದೇ ತಪ್ಪನ್ನು ನಮ್ಮೂರಲ್ಲಿ ಮನೆಗೊಬ್ಬರಾದರೂ ಮಾಡುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅದಕ್ಕೇ ಈ ಬರಹ.

ನಮ್ಮದು ಚನ್ನಗಿರಿ ತಾಲೂಕು. ಭದ್ರಾ ನಾಲೆ ಮತ್ತು ಬೋರ್‌ವೆಲ್ ನಂಬಿಕೊಂಡು ಭತ್ತ, ಜೋಳದ ಹೊಲಗಳೆಲ್ಲ ಅಡಿಕೆ ತೋಟವಾದದ್ದು ನಮ್ಮ ಕಣ್ಣೆದುರಿಗೇ. ನಮ್ಮಲ್ಲಿ ಮಾಡೋದು ಕೆಂಪಡಿಕೆ. ಹಸಿರು ಗೊನೆ ಇಳಿಸಬೇಕು, ಸುಲಿಯಬೇಕು, ಚೊಗರು ಹಾಕಿ ಬೇಯಿಸಬೇಕು, ಒಣಗಿಸಬೇಕು. ಇಳಿಸಿದ ಕಾಯಿ ರಾಶಿಯಲ್ಲಿ ಕಾಯುವಂತಿಲ್ಲ. ತಡವಾದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ, ಬಣ್ಣ ಕೆಡುತ್ತದೆ, ಪೇಟೆಯಲ್ಲಿ ರೇಟು ಬೀಳುತ್ತದೆ. ಹಿಂದೆ ಹೆಣ್ಣುಮಕ್ಕಳು ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿಯೆಲ್ಲ ಸುಲಿಯುತ್ತಿದ್ದರು. ಒಂದು ಕತ್ತಿ ಮೊಂಡಾದರೆ ಉಳಿದವು ನಡೆಯುತ್ತಿದ್ದವು. ಈಗ ಮಷಿನ್ ಬಂದಿದೆ. ಮಷಿನ್ ನಿಂತರೆ ಎಲ್ಲವೂ ನಿಂತಿತು!

ಆ ರಾತ್ರಿ ಆದದ್ದು

ಸುಗ್ಗಿ ಜೋರಾಗಿದ್ದ ಅಕ್ಟೋಬರ್. ಮಷಿನ್‌ನ ಒಂದು ಬೇರಿಂಗ್ ‘ಗರ್ರ್’ ಅನ್ನತೊಡಗಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ‘ಎರಡು ದಿನ ಬಿಟ್ಟು ಬರ್ತೀನಿ’ ಅಂದ. ಬೇರಿಂಗ್ ಬದಲಾಯಿಸೋದೇನು ಮಹಾ ಅಂತ ನಾನೇ ಕೈ ಹಾಕಿದೆ. ಪುಲ್ಲಿ ಬಿಚ್ಚಿದೆ. ಶಾಫ್ಟಿನ ತೋಡಿನಲ್ಲಿ ಕೂತಿದ್ದ ಸರ್ಕ್ಲಿಪ್ಪನ್ನು ಎರಡು ಸ್ಕ್ರೂಡ್ರೈವರ್ ಹಾಕಿ ಮೀಟಿ ಎಬ್ಬಿಸಿದೆ. ಹೊಸ ಬೇರಿಂಗ್ ಬಡಿದು ಕೂರಿಸಿದೆ. ಹಳೇ ಸರ್ಕ್ಲಿಪ್ಪನ್ನೇ ಎತ್ತಿಕೊಂಡು ಕೈಗೆ ಬಂದ ಮುಖ ಹಾಕಿದೆ. ಬಳೆಗೆ ಎಂಥಾ ಹಿಂದು, ಎಂಥಾ ಮುಂದು! ಮಷಿನ್ ಹೊರಟಿತು. ಮನೆಯವರ ಮುಂದೆ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮೂರನೇ ರಾತ್ರಿ ಹತ್ತರ ಹೊತ್ತಿಗೆ ‘ಟಣ್’ ಅಂತ ಸದ್ದು. ಸರ್ಕ್ಲಿಪ್ ತೋಡು ಬಿಟ್ಟು ಹಾರಿತ್ತು. ಶಾಫ್ಟ್ ಪಕ್ಕಕ್ಕೆ ಸರಿಯಿತು, ಬೆಲ್ಟ್ ಉರುಳಿತು, ಪುಲ್ಲಿ ಕಳಚಿ ನೆಲಕ್ಕೆ ಬಡಿದು ಗೋಡೆವರೆಗೆ ಓಡಿತು. ಅದು ಓಡಿದ ದಾರಿಯಲ್ಲೇ ಕಾಯಿ ತುಂಬಿಕೊಡುವ ಹೆಣ್ಣುಮಗಳು ದಿನಾ ಕೂರುತ್ತಿದ್ದದ್ದು. ಆಗಷ್ಟೇ ನೀರು ಕುಡಿಯಲು ಎದ್ದಿದ್ದಳು. ಬೆಲ್ಟಿನ ಮೇಲಿನ ತಗಡಿನ ಮುಚ್ಚಳವನ್ನು ‘ಆಮೇಲೆ ಹಾಕಿದರಾಯಿತು’ ಅಂತ ಮೂಲೆಗೆ ಇಟ್ಟವನೂ ನಾನೇ. ಅಡಿಕೆಯ ನಷ್ಟ ಲೆಕ್ಕ ಹಾಕಬಹುದು. ಆಕೆ ಎದ್ದಿರದಿದ್ದರೆ ಆಗುತ್ತಿದ್ದ ಲೆಕ್ಕ ನನಗೆ ಇವತ್ತಿಗೂ ಬೇಡ.

ಬೆಳಗ್ಗೆ ಶಾಫ್ಟ್ ಹೊತ್ತುಕೊಂಡು ಪೇಟೆಯ ಲೇಥ್ ಶಾಪಿಗೆ ಹೋದೆ. ಅಲ್ಲಿನ ಹಿರಿಯ ಮೇಸ್ತ್ರಿ ಶಾಫ್ಟ್ ನೋಡಲಿಲ್ಲ. ನಾನು ಜೇಬಿನಲ್ಲಿ ತಂದಿದ್ದ ಸರ್ಕ್ಲಿಪ್ ಇಸಕೊಂಡು ಒಳ ಅಂಚಿನ ಮೇಲೆ ಉಗುರು ಆಡಿಸಿದರು.

“ಗೌಡ್ರೇ, ಇದನ್ನ ಯಾವ ಮುಖ ಹಾಕಿದ್ರಿ?”

“ಮುಖ ಎಲ್ಲೈತಿ ಮೇಸ್ತ್ರಿ ಇದಕ್ಕೆ? ಬಳೆ ಅಲ್ವಾ?”

“ಬಳೆನೇ. ಆದ್ರೆ ಬಳೆಗೂ ಮುಖ ಐತಿ. ನಿಮ್ಮ ಉಗುರು ಆಡಿಸಿ ನೋಡ್ರಿ.”

ನೋಡಿದೆ. ಒಂದು ಬದಿಯ ಅಂಚು ಉಗುರಿಗೆ ಜಾರಿತು. ಇನ್ನೊಂದು ಬದಿಯದು ಉಗುರನ್ನು ಹಿಡಿಯಿತು. ಐವತ್ತು ವರ್ಷ ದಾಟಿದ ಮೇಲೆ ನನಗೆ ಈ ಪಾಠವಾಯಿತು!

ಅರ್ಧ ಮಿಲಿಮೀಟರ್ ಮೇಲೆ ಬದುಕು

ಸರ್ಕ್ಲಿಪ್ ಅಂದರೆ ಸ್ಪ್ರಿಂಗ್ ಉಕ್ಕಿನ, ಬಾಯಿ ಬಿಟ್ಟ ಬಳೆ. ನಮ್ಮ ಕಡೆ ಸುಮ್ಮನೆ ‘ಲಾಕ್’ ಅಂದುಬಿಡುತ್ತಾರೆ. ಶಾಫ್ಟಿನ ಮೇಲೆ ಕೂರುವುದು ಒಂದು ಜಾತಿ. ಅದನ್ನು ಹಿಗ್ಗಿಸಿ ಹಾಕಬೇಕು. ಗುಂಡಿಯೊಳಗೆ ಕೂರುವುದು ಇನ್ನೊಂದು ಜಾತಿ. ಅದನ್ನು ಕುಗ್ಗಿಸಿ ಹಾಕಬೇಕು. ಅಂಗಡಿಯಲ್ಲಿ ಮೊದಲನೆಯದಕ್ಕೆ ‘ಎ’, ಎರಡನೆಯದಕ್ಕೆ ‘ಬಿ’ ಅನ್ನುತ್ತಾರೆ. ಎ 20 ಅಂದರೆ 20 ಮಿ.ಮೀ. ಶಾಫ್ಟಿನದ್ದು, ಬಿ 47 ಅಂದರೆ 47 ಮಿ.ಮೀ. ಗುಂಡಿಯದ್ದು. ನಮ್ಮ ಅನೇಕ ಯಂತ್ರಗಳಲ್ಲಿರುವ 6204 ನಂಬರಿನ ಬೇರಿಂಗ್‌ನ ಒಳ ಅಳತೆ 20, ಹೊರ ಅಳತೆ 47. ಲೆಕ್ಕ ತಾಳೆಯಾಯಿತಲ್ಲ?

ಈಗ ಒಂದು ಅಳತೆ ಗಮನಿಸಿ. 20 ಮಿ.ಮೀ. ಶಾಫ್ಟಿಗೆ ಸರ್ಕ್ಲಿಪ್ ಕೂರಲು ಕಡೆಯುವ ತೋಡಿನ ತಳ 19 ಮಿ.ಮೀ. ಅಂದರೆ ತೋಡಿನ ಆಳ ಬರೀ ಅರ್ಧ ಮಿಲಿಮೀಟರ್! ಸುಮಾರು ನಮ್ಮ ಕೈಯುಗುರಿನ ದಪ್ಪ. ಬಳೆಯ ದಪ್ಪ 1.2 ಮಿ.ಮೀ. ಬೇರಿಂಗು, ಪುಲ್ಲಿ, ಅದನ್ನು ಎಳೆಯುವ ಬೆಲ್ಟು, ಎದುರಿಗೆ ಕೂತ ಮನುಷ್ಯರು, ಎಲ್ಲರ ಕ್ಷೇಮವೂ ಉಗುರಿನಷ್ಟು ಎತ್ತರದ ಆ ಗೋಡೆಯ ಮೇಲೆ ನಿಂತಿದೆ.

ಇನ್ನು ಮುಖದ ವಿಚಾರ. ಈ ಬಳೆಗಳನ್ನು ಉಕ್ಕಿನ ಹಾಳೆಯಿಂದ ಪ್ರೆಸ್ಸಿನಲ್ಲಿ ಕತ್ತರಿಸಿ ತೆಗೆಯುತ್ತಾರೆ. ಹಾಗೆ ಕತ್ತರಿಸುವಾಗ ಒಂದು ಬದಿಯ ಅಂಚು ಒತ್ತಡಕ್ಕೆ ಬಾಗಿ ದುಂಡಾಗುತ್ತದೆ. ಇನ್ನೊಂದು ಬದಿಯ ಅಂಚು ಚೂಪಾಗಿ ಉಳಿಯುತ್ತದೆ. ಮನೆಯಲ್ಲಿ ತಗಡು ಕತ್ತರಿಸಿದವರಿಗೆ ಇದು ಗೊತ್ತು. ಒಂದು ಕಡೆ ಕೈಗೆ ನಯ, ಇನ್ನೊಂದು ಕಡೆ ಕೈ ಕೊಯ್ಯುತ್ತದೆ.

ಬೇರಿಂಗ್ ಬಳೆಯನ್ನು ಹೊರಕ್ಕೆ ತಳ್ಳುತ್ತದೆ. ಬಳೆ ಹೋಗಿ ತೋಡಿನ ಹೊರಗೋಡೆಗೆ ಆನಿಕೊಳ್ಳುತ್ತದೆ. ಆ ಗೋಡೆಗೆ ಚೂಪು ಅಂಚು ಆನಿದರೆ ಅರ್ಧ ಮಿ.ಮೀ. ಪೂರ್ತಿ ಹಿಡಿತ ಸಿಗುತ್ತದೆ. ದುಂಡು ಅಂಚು ಆನಿದರೆ? ಇರುವ ಅರ್ಧ ಮಿ.ಮೀ.ನಲ್ಲೇ ಒಂದು ಪಾಲು ಕಳೆದುಹೋಯಿತು. ಸಾಲದ್ದಕ್ಕೆ ದುಂಡು ಅಂಚು ಗೋಡೆಯ ಮೂಲೆಯ ಮೇಲೆ ಜಾರುತ್ತದೆ, ಬಳೆ ಓರೆಯಾಗುತ್ತದೆ, ಹತ್ತಿಕೊಂಡು ಹೊರಗೆ ಬರುತ್ತದೆ. ನನ್ನ ಮಷಿನ್‌ನಲ್ಲಿ ಆದದ್ದು ಇದೇ. ಪುಲ್ಲಿಗಳು ಒಂದೇ ಗೆರೆಯಲ್ಲಿ ಇರಲಿಲ್ಲ, ಹಾಗಾಗಿ ಶಾಫ್ಟಿಗೆ ಪಕ್ಕದ ನೂಕು ಇತ್ತು. ಸ್ಕ್ರೂಡ್ರೈವರಿನಲ್ಲಿ ಮೀಟಿ ಬಳೆಯ ಬಿಗಿಯನ್ನೂ ಕಳೆದಿದ್ದೆ. ಮೇಲಿಂದ ಮುಖವೂ ತಿರುಗಿತ್ತು. ಮೂರೂ ಸೇರಿದವು.

ಮೇಸ್ತ್ರಿ ಹೇಳಿದ್ದು ಇಷ್ಟೇ: “ತಳ್ಳೋದರ ಕಡಿಗೆ ದುಂಡು, ತಡೆಯೋ ಗ್ವಾಡಿ ಕಡಿಗೆ ಚೂಪು.” ಶಾಫ್ಟಿನ ಬಳೆಗೂ ಗುಂಡಿಯ ಬಳೆಗೂ ಇದೇ ಸೂತ್ರ. ಆದರೆ ಉಗುರು ಆಡಿಸಬೇಕಾದದ್ದು ತೋಡಿಗೆ ಇಳಿಯುವ ಅಂಚಿನ ಮೇಲೆ. ಶಾಫ್ಟಿನದ್ದಾದರೆ ಬಳೆಯ ಒಳ ಅಂಚು, ಗುಂಡಿಯದ್ದಾದರೆ ಹೊರ ಅಂಚು.

ಅಪ್ಪನ ಕಾಲದ ಕಡಾಣಿ

ಮನೆಗೆ ಬರುವಾಗ ನನಗೆ ನೆನಪಾದದ್ದು ನಮ್ಮ ಅಪ್ಪನ ಎತ್ತಿನ ಗಾಡಿ. ಅಚ್ಚಿನ ತುದಿಗೆ ಚಕ್ರ ಕಳಚದ ಹಾಗೆ ಒಂದು ಕಡಾಣಿ ಇರುತ್ತಿತ್ತು. ಕಡೆಗೀಲು ಅಂತಲೂ ಅನ್ನುತ್ತಾರೆ. ಗಾಡಿ ಕಟ್ಟುವ ಮುಂಚೆ ಅಪ್ಪ ಎರಡೂ ಕಡಾಣಿ ಮುಟ್ಟಿ ನೋಡದೆ ಎತ್ತಿಗೆ ‘ಹೋ’ ಅಂದದ್ದು ನಾನು ಕಂಡಿಲ್ಲ. ಅದು ಯಾವ ಕಡೆಯಿಂದ ಇಳಿಯಬೇಕು, ತಲೆ ಎತ್ತ ಇರಬೇಕು ಅಂತ ಮನೆಯ ಹತ್ತು ವರ್ಷದ ಹುಡುಗನಿಗೂ ಗೊತ್ತಿತ್ತು. ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ದಿನಾ ಕಣ್ಣಿಗೆ ಬೀಳುತ್ತಿತ್ತು, ದಿನಾ ಕೈಗೆ ತಾಗುತ್ತಿತ್ತು.

ಇವತ್ತಿನ ಯಂತ್ರದ ಕಡಾಣಿ ಈ ಸರ್ಕ್ಲಿಪ್. ಪವರ್ ಟಿಲ್ಲರ್‌ನಲ್ಲಿದೆ, ಕಳೆ ಕತ್ತರಿಸುವ ಯಂತ್ರದಲ್ಲಿದೆ, ಟ್ರ್ಯಾಕ್ಟರ್ ಪಿ.ಟಿ.ಓ. ಶಾಫ್ಟಿನ ಕ್ರಾಸಿನಲ್ಲಿದೆ. ಆದರೆ ಕವಚದ ಒಳಗೆ, ಗ್ರೀಸಿನ ಕೆಳಗೆ ಅಡಗಿ ಕೂತಿದೆ. ನಾವು ಅದನ್ನು ನೋಡುವುದು ಯಂತ್ರ ಸತ್ತ ದಿನ ಮಾತ್ರ. ಗಾಡಿ ಹೋಯಿತು, ಅದರ ಜೊತೆ ಕಡಾಣಿ ಮುಟ್ಟಿ ನೋಡುವ ಅಭ್ಯಾಸವೂ ಹೋಯಿತು. ಯಂತ್ರವನ್ನು ದುಡ್ಡು ಕೊಟ್ಟು ತಂದೆವು. ಅದರ ಕಡಾಣಿಯ ತಿಳುವಳಿಕೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದೆವು. ಆಯುಧಪೂಜೆಗೆ ಮಷಿನ್ ತೊಳೆದು ಕುಂಕುಮ ಇಡುತ್ತೇವೆ, ಮುಂದೆ ಕುಂಬಳಕಾಯಿ ಒಡೆಯುತ್ತೇವೆ. ಮುಚ್ಚಳ ತೆಗೆದು ಲಾಕ್ ನೋಡುವುದಿಲ್ಲ!

‘ಹೆಂಗ್ ಹಾಕಿದ್ರೂ ನಡೀತದೆ’

ಈ ವಿಷಯ ಊರಿನಲ್ಲಿ ಹೇಳಿದಾಗ ಒಬ್ಬ ಮೆಕ್ಯಾನಿಕ್ ನಕ್ಕ. “ಮೂವತ್ತು ವರ್ಷದಿಂದ ಹೆಂಗ್ ಬೇಕೋ ಹಂಗೆ ಹಾಕ್ತಾ ಬಂದೀನಿ, ಏನೂ ಆಗಿಲ್ಲ” ಅಂದ. ಆತನ ಮಾತಿನಲ್ಲೂ ನಿಜ ಇದೆ, ಅದನ್ನು ಒಪ್ಪಬೇಕು. ಬಳೆಯ ಮೇಲೆ ಹೆಚ್ಚು ನೂಕು ಬೀಳದ ಜಾಗದಲ್ಲಿ ಯಾವ ಮುಖ ಹಾಕಿದರೂ ವರ್ಷಗಟ್ಟಲೆ ನಡೆದುಬಿಡುತ್ತದೆ. ದುಂಡು ತಂತಿಯನ್ನು ಬಾಗಿಸಿ ಮಾಡಿದ ಲಾಕ್‌ಗೆ ಮುಖವೇ ಇಲ್ಲ. ಕೆಲವು ಬಳೆಗಳ ಎರಡೂ ಅಂಚು ಒಂದೇ ಥರ ನಯವಾಗಿರುತ್ತವೆ, ಅಲ್ಲಿಯೂ ಚಿಂತೆಯಿಲ್ಲ. ಇನ್ನು ಕೆಲವಕ್ಕೆ ತಯಾರಿಸುವವರೇ ಬೇಕಂತಲೇ ಒಂದು ಬದಿ ಓರೆ ಕೊಟ್ಟಿರುತ್ತಾರೆ. ಅಂಥ ಕಡೆ ನಮ್ಮ ಸೂತ್ರ ಬೇಡ, ಯಂತ್ರದ ಕೈಪಿಡಿ ಹೇಳಿದ್ದೇ ಸರಿ.

ಆದರೆ ನನ್ನ ಪ್ರಶ್ನೆ ಬೇರೆ. ಸರಿಯಾದ ಮುಖ ಹಾಕಲು ಏನು ಖರ್ಚು? ಒಂದು ಪೈಸೆ ಇಲ್ಲ. ಒಂದು ಸಲ ಉಗುರು ಆಡಿಸುವಷ್ಟು ಹೊತ್ತು. ತಪ್ಪಿ ಹಾಕಿದರೆ ನೂರರಲ್ಲಿ ಒಂದು ಸಲ ಕಳಚಬಹುದು ಅಂತಲೇ ಇಟ್ಟುಕೊಳ್ಳಿ. ಆ ಒಂದು ಸಲ ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತಿರುತ್ತದೆ, ಪಕ್ಕದಲ್ಲಿ ನಮ್ಮ ಮಗ ನಿಂತಿರುತ್ತಾನೆ. ಪುಕ್ಕಟೆ ಸಿಗುವ ಭದ್ರತೆಯನ್ನು ಬೇಡ ಅನ್ನುವುದು ಯಾವ ಜಾಣತನ?

ಮುಖ ಒಂದೇ ಸಾಲದು

ಮುಖ ಸರಿ ಇದ್ದರೂ ಹಾಕುವ ರೀತಿ ಕೆಟ್ಟರೆ ಲಾಕ್ ಉಳಿಯುವುದಿಲ್ಲ. ಆ ಸುಗ್ಗಿಯ ನಂತರ ನಾನು ರೂಢಿ ಮಾಡಿಕೊಂಡ ಕೆಲವು ಸಂಗತಿಗಳಿವು.

ಸರ್ಕ್ಲಿಪ್ ಪ್ಲೈಯರ್ ಮನೆಯಲ್ಲಿ ಇರಲಿ. ಹಿಗ್ಗಿಸುವುದು ಒಂದು, ಕುಗ್ಗಿಸುವುದು ಒಂದು. ಬೇರಿಂಗ್ ಹಾಳು ಮಾಡಿಕೊಂಡು ಕೊಡುವ ದುಡ್ಡಿನ ಮುಂದೆ ಅದರ ಬೆಲೆ ಏನೂ ಅಲ್ಲ. ಮೊಳೆ, ಸ್ಕ್ರೂಡ್ರೈವರ್ ಬೇಡ. ಬಳೆಯನ್ನು ಶಾಫ್ಟಿನ ಮೇಲೆ ದಾಟುವಷ್ಟು ಮಾತ್ರ ಹಿಗ್ಗಿಸಿ. ಜಾಸ್ತಿ ಹಿಗ್ಗಿದ ಬಳೆ ಮತ್ತೆ ಮೊದಲಿನ ಬಿಗಿಗೆ ಬರುವುದಿಲ್ಲ. ಅನುಮಾನ ಬಂದರೆ ಹೊಸದೇ ಹಾಕಿ. ಒಂದು ಹಳೇ ಡಬ್ಬಿಯಲ್ಲಿ ನಮ್ಮ ಯಂತ್ರಗಳ ಅಳತೆಯ ಬಳೆಗಳನ್ನು ಎರಡೆರಡು ಇಟ್ಟಿದ್ದೇನೆ. ಸುಗ್ಗಿಯ ರಾತ್ರಿ ಪೇಟೆಗೆ ಓಡುವುದು ತಪ್ಪಿದೆ.

ಹಾಕುವ ಮುಂಚೆ ತೋಡನ್ನು ಚೊಕ್ಕ ಮಾಡಿ. ಅಡಿಕೆ ಸಿಪ್ಪೆಯ ನಾರು, ಗ್ರೀಸಿನ ಜಿಗುಟು ತಳದಲ್ಲಿದ್ದರೆ ಬಳೆ ಪೂರ್ತಿ ಇಳಿಯುವುದಿಲ್ಲ. ಇರುವುದೇ ಅರ್ಧ ಮಿ.ಮೀ., ಅದರಲ್ಲಿ ಕಸಕ್ಕೆ ಪಾಲು ಕೊಡಬಾರದು. ತೋಡಿನ ಮೂಲೆಯೇ ಸವೆದು ದುಂಡಾಗಿದ್ದರೆ ಎಂಥ ಹೊಸ ಬಳೆಯೂ ನಿಲ್ಲದು. ಆಗ ಲೇಥ್ ಶಾಪಿಗೇ ಹೋಗಬೇಕು.

ಹಾಕಿದ ಮೇಲೆ ಬಳೆಯನ್ನು ತೋಡಿನಲ್ಲೇ ಸ್ವಲ್ಪ ತಿರುಗಿಸಿ ನೋಡಿ. ಸುತ್ತಲೂ ಒಂದೇ ಸಮ ಇಳಿದು ಕೂತಿದ್ದರೆ ಕೆಲಸ ಮುಗಿಯಿತು. ಒಂದು ಕಡೆ ಎದ್ದು ನಿಂತಿದ್ದರೆ ಬಿಚ್ಚಿ ಮತ್ತೆ ಹಾಕಿ. ಬಿಚ್ಚುವಾಗ, ಹಾಕುವಾಗ ಮುಖ ಅದರ ನೇರಕ್ಕೆ ಬೇಡ. ಕೈ ಜಾರಿದರೆ ಕವಣೆ ಕಲ್ಲಿನಂತೆ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ, ಇಲ್ಲವೇ ಮೇಲೆ ಒಂದು ಬಟ್ಟೆ ಹಿಡಿಯಿರಿ.

ಕಳೆ ಯಂತ್ರದ ಎಂಜಿನ್ ಬಿಚ್ಚುವವರಿಗೆ ಒಂದು ಮಾತು ಹೆಚ್ಚಿಗೆ. ಪಿಸ್ಟನ್ ಪಿನ್ನಿನ ಎರಡು ತುದಿಗೂ ಸಣ್ಣ ಲಾಕ್ ಇರುತ್ತದೆ. ಬಹಳ ಕಡೆ ಅದು ತಂತಿಯದ್ದು, ಮುಖದ ಪ್ರಶ್ನೆ ಇಲ್ಲ. ಆದರೆ ಬಾಯಿಯ ಪ್ರಶ್ನೆ ಇದೆ. ಬಳೆಯ ಬಾಯಿ ಮೇಲಕ್ಕೋ ಕೆಳಕ್ಕೋ ಇರಬೇಕು, ಪಕ್ಕಕ್ಕೆ ತಿರುಗಿರಬಾರದು. ಲಾಕ್ ಕೀಳಲೆಂದು ಪಿಸ್ಟನ್ನಿನಲ್ಲಿ ಮಾಡಿರುವ ಕಚ್ಚಿಗೆ ನೇರವಾಗಿಯೂ ಬಾಯಿ ಬರಬಾರದು. ಒಮ್ಮೆ ಬಿಚ್ಚಿದ ಈ ಲಾಕನ್ನು ಮತ್ತೆ ಹಾಕಲೇಬೇಡಿ. ಇದು ಕಳಚಿದರೆ ಸಿಲಿಂಡರಿನ ಗೋಡೆ ಗೀರಿ ಎಂಜಿನ್ನೇ ಹೋಗುತ್ತದೆ. ಬಿಚ್ಚುವಾಗ ಕೆಳಗಿನ ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕುವುದನ್ನು ಮರೆಯಬೇಡಿ. ಒಳಗೆ ಬಿದ್ದ ಲಾಕ್ ಹುಡುಕುವುದು ಬಾವಿಗೆ ಬಿದ್ದ ಸೂಜಿ ಹುಡುಕಿದಂತೆ.

ಯಾರು ಕಲಿಸಬೇಕು?

ಈಗ ನನ್ನ ತಕರಾರು. ನಮ್ಮಲ್ಲಿ ಕೊಳೆರೋಗಕ್ಕೆ ತರಬೇತಿ ಇದೆ, ಗೊಬ್ಬರಕ್ಕೆ ತರಬೇತಿ ಇದೆ, ಬೋರ್ಡೋ ದ್ರಾವಣ ಮಾಡುವುದನ್ನು ಹತ್ತು ಸಲ ತೋರಿಸಿದ್ದಾರೆ. ಆದರೆ ಲಕ್ಷಗಟ್ಟಲೆ ಸುರಿದು ತಂದ ಯಂತ್ರದ ಒಳಗೆ ಏನಿದೆ ಅಂತ ನನಗೆ ಯಾರೂ ತೋರಿಸಿರಲಿಲ್ಲ. ಸಹಾಯಧನದಲ್ಲಿ ಯಂತ್ರ ತಂದ ದಿನ ಫೋಟೋ ತೆಗೆಸಿಕೊಂಡೆ. ಇಂಗ್ಲಿಷಿನ ಕೈಪಿಡಿಯೊಂದು ಕೈಗೆ ಬಂತು. ಅದು ಇವತ್ತಿಗೂ ಅಡಿಕೆ ಚೀಲದ ಸಂದಿಯಲ್ಲಿದೆ.

ಮಾರುವವರು ಎರಡು ಕೆಲಸ ಮಾಡಲಿ. ಒಂದು, ಯಂತ್ರ ಕೊಡುವ ದಿನ ಮುಚ್ಚಳ ಬಿಚ್ಚಿ ಒಂದು ಬೇರಿಂಗ್, ಒಂದು ಲಾಕ್ ನಮ್ಮೆದುರು ತೆಗೆದು ಹಾಕಿ ತೋರಿಸಲಿ. ಎರಡು, ಯಾವ ಜಾಗಕ್ಕೆ ಯಾವ ನಂಬರಿನ ಬೇರಿಂಗ್, ಯಾವ ಅಳತೆಯ ಲಾಕ್ ಅಂತ ಕನ್ನಡದಲ್ಲಿ ಒಂದೇ ಒಂದು ಪುಟ ಕೊಡಲಿ. ಇದಕ್ಕೆ ಕಾನೂನು ಬೇಕಾಗಿಲ್ಲ, ಮನಸ್ಸು ಬೇಕು.

ನಮ್ಮ ಸಹಕಾರ ಸಂಘಗಳು, ಕೃಷಿ ವಿಜ್ಞಾನ ಕೇಂದ್ರದವರು ಸುಗ್ಗಿಗೆ ಮುಂಚೆ, ಆಗಸ್ಟಿನಲ್ಲಿ, ಹೋಬಳಿಗೊಂದು ದಿನ ರಿಪೇರಿ ಶಿಬಿರ ಇಡಬಹುದು. ಭಾಷಣ ಬೇಡ, ವೇದಿಕೆ ಬೇಡ. ಒಂದು ಕೆಟ್ಟ ಮಷಿನ್, ಒಬ್ಬ ಅನುಭವಿ ಮೇಸ್ತ್ರಿ, ಸುತ್ತ ಇಪ್ಪತ್ತು ಜನ ಸಾಕು. ದೇಶದಲ್ಲಿ ಇಂಥ ಕಲಿಕೆಗೆ ದಾರಿ ಇಲ್ಲದಿಲ್ಲ. ಕೇಂದ್ರ ಸರಕಾರ 1955ರಲ್ಲೇ ಮಧ್ಯಪ್ರದೇಶದ ಬುಧ್ನಿಯಲ್ಲಿ ಕೃಷಿ ಯಂತ್ರಗಳ ತರಬೇತಿ ಕೇಂದ್ರ ತೆರೆಯಿತು. ಅಂಥದ್ದೇ ಸಂಸ್ಥೆ ದಕ್ಷಿಣಕ್ಕೆ ನಮ್ಮ ಗಡಿಯಾಚೆ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಊರಿಗೊಬ್ಬ ಹುಡುಗ ಅಂಥಲ್ಲಿ ಕಲಿತು ಬಂದರೆ ಆತನಿಗೂ ಸಂಪಾದನೆ, ನಮಗೂ ಧೈರ್ಯ.

ಬೈಗುಳದಲ್ಲಿ ನಮಗೂ ಪಾಲಿದೆ. ಮೆಕ್ಯಾನಿಕ್ ಬಂದ ಕೂಡಲೇ ‘ಬೇಗ ಬೇಗ’ ಅಂತ ಬೆನ್ನು ಹತ್ತುತ್ತೇವೆ. ಹೊಸ ಲಾಕ್ ಹಾಕೋಣ ಅಂದರೆ ‘ಹಳೇದೇ ಇರಲಿ ಬಿಡಪ್ಪಾ’ ಅನ್ನುತ್ತೇವೆ. ಕೂಲಿಯಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಲು ಅರ್ಧ ಗಂಟೆ ಚೌಕಾಶಿ ಮಾಡುತ್ತೇವೆ. ಸುಗ್ಗಿಯಲ್ಲಿ ಆತ ಎಷ್ಟೋ ಊರು ಸುತ್ತಬೇಕು. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಲಾಕ್ ಹಾಕುವವನ ಕೈ ತಪ್ಪಿದರೆ ಆಶ್ಚರ್ಯವಿಲ್ಲ.

‘ರೈತರಿಗೆ ಇದೆಲ್ಲ ಯಾಕೆ, ಮೆಕ್ಯಾನಿಕ್ ಇಲ್ಲವಾ?’ ಅಂತ ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟು. ನೀವು ರಿಪೇರಿ ಮಾಡಬೇಕಾಗಿಲ್ಲ. ಆದರೆ ಆತ ರಿಪೇರಿ ಮಾಡುವಾಗ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತವರು ನೀವೇ ತಾನೆ? ಲಾಕ್ ಕೈಗೆತ್ತಿಕೊಂಡಾಗ ಒಂದೇ ಒಂದು ಪ್ರಶ್ನೆ ಕೇಳಿ: “ಅಣ್ಣಾ, ಚೂಪು ಯಾವ ಕಡೆ?” ಗೊತ್ತಿದ್ದವನಾದರೆ ನಿಮ್ಮ ಮೇಲೆ ಗೌರವ ಬರುತ್ತದೆ. ಗೊತ್ತಿಲ್ಲದವನಾದರೆ ಬಳೆಯನ್ನು ತಿರುಗಿಸಿ ಒಮ್ಮೆ ನೋಡುತ್ತಾನೆ. ಎರಡರಲ್ಲಿ ಯಾವುದಾದರೂ ನಿಮ್ಮ ಮಷಿನ್‌ಗೆ ಒಳ್ಳೆಯದೇ.

ನನ್ನ ಮಷಿನ್ ಆ ಸಲ ಎರಡು ದಿನ ನಿಂತಿತು. ಅರ್ಧ ಕಾಯಿಯನ್ನು ಬೇರೆಯವರ ಮಷಿನ್‌ಗೆ ಸಾಗಿಸಿದೆ, ಉಳಿದರ್ಧ ಬಣ್ಣ ಕೆಟ್ಟಿತು. ಶಾಫ್ಟ್, ಬೇರಿಂಗ್, ಬೆಲ್ಟ್, ಪುಲ್ಲಿಗೆ ಆದ ಖರ್ಚು ಬೇರೆ. ಈಗ ಸುಗ್ಗಿ ಶುರುವಾಗುವ ಮುಂಚೆ ನಾನು ಮಗನನ್ನು ಕೂರಿಸಿಕೊಂಡು ಎಲ್ಲ ಮುಚ್ಚಳ ಬಿಚ್ಚುತ್ತೇನೆ. ಲಾಕ್ ಒಂದೊಂದನ್ನೂ ಅವನೇ ಮುಟ್ಟಿ ನೋಡುತ್ತಾನೆ. ಬೆಲ್ಟಿನ ಮೇಲಿನ ತಗಡು ಹಾಕದೆ ಸ್ವಿಚ್ ಒತ್ತುವುದಿಲ್ಲ. ಆ ಹೆಣ್ಣುಮಗಳು ಈಗಲೂ ನಮ್ಮಲ್ಲಿ ಕೆಲಸಕ್ಕೆ ಬರುತ್ತಾಳೆ. ಮೊದಲ ದಿನ ಬಂದ ಕೂಡಲೇ ಕೇಳುತ್ತಾಳೆ: “ಯಜಮಾನ್ರೇ, ಬಳಿ ಸರಿಯಾಗಿ ಹಾಕೀರಾ?”

ಆ ಪ್ರಶ್ನೆ ಕೇಳುವ ಹಕ್ಕು ಆಕೆಗಿದೆ. ನಿಮ್ಮ ಮಷಿನ್ ಮುಂದೆ ಕೂರುವವರಿಗೂ ಇದೆ. ಉತ್ತರ ಗೊತ್ತಿಲ್ಲದಿದ್ದರೆ ಈ ಪುಟ ಮಡಚಿ ಮಷಿನ್ ಹತ್ತಿರ ಹೋಗಿ, ಒಂದು ಲಾಕ್ ಮೇಲೆ ಉಗುರು ಆಡಿಸಿ. ನಿಮಗೆ ಕಂಡದ್ದನ್ನು ನಮಗೂ ಬರೆಯಿರಿ.